ರಾಮಥಾಳಕ್ಕೆ ಎಂಥ ಟಿವಿ ಬೇಕು?

ಇವತ್ತು ರಾಜಕೀಯ ಬೇಡ. ದಿನಾ ರಾತ್ರಿ ಟಿವಿಯೊಳಗೆ ಕೂತು ಮಾತಾಡೋ ನಾನು ಇವತ್ತು ಟಿವಿಯ ಬಗ್ಗೆಯೇ ಮಾತಾಡ್ತೀನಿ. ಇದಕ್ಕೆ ಕಾರಣ ಒಂದು ಫೋನ್ ಕರೆ. ಬಾಗಲಕೋಟೆ ಜಿಲ್ಲೆ ಹುನಗುಂದ ತಾಲೂಕಿನ ರಾಮಥಾಳದಿಂದ ಹಿರಿಯರೊಬ್ಬರು ಮಾಡಿದ್ದರು. "ಸರ, ನೀವು ಇಂಜಿನಿಯರಿಂಗ್ ಓದೀರಂತ ಕೇಳೀನಿ. ಮೂವತ್ತೆರಡು ಇಂಚಿನ ಟಿವಿ ತಗೋಬೇಕಾಗೇತಿ. ಅಂಗಡ್ಯಾಗ ಎಲ್ಲಾ ಟಿವಿನೂ ಚಂದನ ಕಾಣತಾವ ನೋಡ್ರಿ. ಮನಿಗೆ ತಂದ ಮ್ಯಾಲೆ ಯಾವುದು ಚಂದ ಕಾಣತೈತಿ ಅಂತ ಹ್ಯಾಂಗ ಗೊತ್ತ ಹಿಡೀಬೇಕು?"

ನೋಡಿ, ಎಲೆಕ್ಟ್ರಾನಿಕ್ಸ್ ಓದಿದ ಎಷ್ಟೋ ಜನ ಈ ಪ್ರಶ್ನೆಯನ್ನ ಇಷ್ಟು ಸರಿಯಾಗಿ ಕೇಳಲ್ಲ. ಅವರು ಕಾಂಟ್ರಾಸ್ಟ್ ಎಷ್ಟು, ರೆಸಲ್ಯೂಷನ್ ಎಷ್ಟು ಅಂತ ಕೇಳ್ತಾರೆ. ಈ ಹಿರಿಯರು ಕೇಳಿದ್ದು ಅಂಗಡಿಗೂ ಮನೆಗೂ ನಡುವೆ ಇರೋ ವ್ಯತ್ಯಾಸವನ್ನ.

ರಾಮಥಾಳ ಅಂದ್ರೆ ರಾಜ್ಯದ ಜನಕ್ಕೆ ನೆನಪಾಗೋದು ಹನಿ ನೀರಾವರಿ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ನೀರೆತ್ತಿ ಸುಮಾರು 24 ಸಾವಿರ ಹೆಕ್ಟೇರ್ ಹೊಲಗಳಿಗೆ ಪೈಪಿನಲ್ಲಿ ಹನಿಹನಿಯಾಗಿ ಕೊಡಬೇಕು ಅನ್ನುವ ಯೋಜನೆ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರು ಮಾಡಿತು. ಅಂಥ ಯೋಜನೆ ಚೆನ್ನಾಗಿದೆಯಾ ಇಲ್ವಾ ಅಂತ ಪಂಪ್‌ಹೌಸಿನಲ್ಲಿ ನಿಂತು ಹೇಳೋಕಾಗಲ್ಲ. ಕೊನೆಯ ರೈತನ ಎರೆ ಹೊಲಕ್ಕೆ ಹೋಗಿ, ಅಲ್ಲಿ ಪೈಪಿನ ತುದಿಯಲ್ಲಿ ನೀರಿನ ಒತ್ತಡ ಎಷ್ಟಿದೆ ಅಂತ ನೋಡಬೇಕು. ಟಿವಿಯೂ ಹಾಗೇ. ಅದನ್ನ ಅಳೆಯಬೇಕಾದದ್ದು ಅದು ಕೊನೆಗೆ ಹೋಗಿ ಕೂರುವ ಪಡಸಾಲೆಯಲ್ಲಿ. ಈ ಮಾತು ನನ್ನದಲ್ಲ. ಐವತ್ತು ವರ್ಷದ ಹಿಂದೆ ಇದೇ ನೆಲದಲ್ಲಿ ಟಿವಿಯನ್ನ ಹಾಗೇ ಅಳೆದಿದ್ದರು. ಆ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹೇಳ್ತೀನಿ ಕೇಳಿ.

ಕರ್ನಾಟಕಕ್ಕೆ ಟಿವಿ ಮೊದಲು ಬಂದದ್ದು ಎಲ್ಲಿಗೆ ಅಂತ ಯಾರನ್ನಾದ್ರೂ ಕೇಳಿ. ಬೆಂಗಳೂರಿಗೆ ಅಂತಾರೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಅದಕ್ಕೂ ಆರು ವರ್ಷ ಮುಂಚೆ, 1975ರ ಆಗಸ್ಟ್ 1ರಿಂದ, ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಟಿವಿ ನೋಡ್ತಿದ್ದರು! ಆಗ ಬಾಗಲಕೋಟೆ ಜಿಲ್ಲೆ ಇರಲಿಲ್ಲ. ಅದು ಬೇರೆಯಾಗಿದ್ದು 1997ರಲ್ಲಿ. ಹುನಗುಂದ, ಬಾದಾಮಿ, ಇಳಕಲ್ ಎಲ್ಲವೂ ಅವಿಭಜಿತ ವಿಜಾಪುರ ಜಿಲ್ಲೆಯ ಊರುಗಳೇ.

ಆ ಪ್ರಯೋಗದ ಹೆಸರು ಸೈಟ್. ಉಪಗ್ರಹದ ಮೂಲಕ ಶಿಕ್ಷಣ ಕೊಡುವ ಟಿವಿ ಪ್ರಯೋಗ. ವಿಕ್ರಮ್ ಸಾರಾಭಾಯ್ ಅವರ ಕನಸು ಅದು. ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಕ್ಕೂ 1969ರಲ್ಲಿ ಒಪ್ಪಂದ ಆಯ್ತು. ಸಾರಾಭಾಯ್ 1971ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಪ್ರಯೋಗವನ್ನ ಕಣ್ಣಾರೆ ನೋಡಲಿಲ್ಲ. ಮುಂದೆ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಯಶ್ ಪಾಲ್, ಇ.ವಿ. ಚಿಟ್ನಿಸ್ ಮುಂತಾದವರು ಅದನ್ನ ಮಾಡಿ ಮುಗಿಸಿದರು. ಎಟಿಎಸ್-6 ಅನ್ನೋ ಅಮೆರಿಕದ ಉಪಗ್ರಹವನ್ನ ಒಂದು ವರ್ಷದ ಮಟ್ಟಿಗೆ ಪೂರ್ವ ಆಫ್ರಿಕಾದ ನೆತ್ತಿಯ ಮೇಲಕ್ಕೆ ಸರಿಸಿ ನಮಗೆ ಎರವಲು ಕೊಟ್ಟರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು, ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ನಮ್ಮ ಕಡೆಯ ಸೆಟ್ಟುಗಳಲ್ಲಿ ಇನ್ನೊಂದು ಚಮತ್ಕಾರ ಇತ್ತು. ಚಿತ್ರ ಒಂದೇ, ಧ್ವನಿ ಎರಡು. ಅದೇ ದೃಶ್ಯಕ್ಕೆ ಆಂಧ್ರದ ಹಳ್ಳಿಯಲ್ಲಿ ತೆಲುಗು ಕೇಳಿದರೆ ವಿಜಾಪುರದ ಹಳ್ಳಿಯಲ್ಲಿ ಕನ್ನಡ ಕೇಳ್ತಿತ್ತು. ಇವತ್ತು ಓಟಿಟಿಯಲ್ಲಿ ಭಾಷೆ ಬದಲಿಸೋ ಬಟನ್ ಒತ್ತಿ ಖುಷಿಪಡ್ತೀವಲ್ಲ, ಅದರ ಅಜ್ಜ ಇದು. ಎಮರ್ಜೆನ್ಸಿ ಕಾಲ ಅದು. ಏನು ತೋರಿಸಿದರು, ಯಾಕೆ ತೋರಿಸಿದರು ಅನ್ನೋದು ಬೇರೆಯದೇ ಚರ್ಚೆ, ಇನ್ನೊಂದು ದಿನ ಇಟ್ಟುಕೊಳ್ಳೋಣ. ಇವತ್ತು ಪೆಟ್ಟಿಗೆಯ ಕಥೆ ಮಾತ್ರ.

ಆ ಪೆಟ್ಟಿಗೆ ಹೇಗಿತ್ತು? ಹೈದರಾಬಾದಿನ ಇಸಿಐಎಲ್ ತಯಾರಿಸಿದ ಕಪ್ಪು-ಬಿಳುಪು ಸೆಟ್. ಪರದೆ ಇವತ್ತಿನ ನಮ್ಮ ಮೂವತ್ತೆರಡು ಇಂಚಿಗಿಂತ ದೊಡ್ಡದೇನೂ ಆಗಿರಲಿಲ್ಲ. ಹೊರಗೆ ಮೂರು ಮೀಟರ್ ಅಗಲದ ಡಿಶ್. ಅದು ಏನರಿಂದ ಮಾಡಿದ್ದು ಗೊತ್ತಾ? ಕೋಳಿಗೂಡಿಗೆ ಹೊಡೀತಾರಲ್ಲ, ಆ ತಂತಿ ಬಲೆಯಿಂದ! ಉಪಗ್ರಹ ಅಮೆರಿಕದ್ದು, ಕೆಳಗೆ ಅದನ್ನ ಹಿಡಿಯೋದು ಕೋಳಿ ಬಲೆ. ಸೆಟ್ಟನ್ನ ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಇಡ್ತಿದ್ದರು, ಇಡೀ ಊರು ಮುಂದೆ ಕೂರ್ತಿತ್ತು. ಕರೆಂಟೇ ಇಲ್ಲದ ಕೆಲವು ಊರುಗಳಿಗೆ ಬ್ಯಾಟರಿಯಲ್ಲಿ ನಡೆಯೋ ಸೆಟ್ಟುಗಳನ್ನ ಕೊಟ್ಟಿದ್ದರು.

ಈಗ ಯೋಚಿಸಿ. ಆ ಸೆಟ್ಟಿನ ಗುಣಮಟ್ಟವನ್ನ ನಿರ್ಧರಿಸಿದ ಇಂಜಿನಿಯರ್‌ಗಳ ಮುಂದೆ ಇದ್ದ ಪ್ರಶ್ನೆಗಳು ಯಾವುವು? ಬಿಸಿಲಿಗೆ ತಡೆಯುತ್ತಾ? ಧೂಳಿಗೆ ತಡೆಯುತ್ತಾ? ವೋಲ್ಟೇಜ್ ಬಿದ್ದರೆ, ಏರಿದರೆ ಏನಾಗುತ್ತೆ? ತಂತ್ರಜ್ಞಾನ ಗೊತ್ತಿಲ್ಲದ ಒಬ್ಬ ಊರಿನವನು ಆನ್ ಮಾಡಿ ಆಫ್ ಮಾಡಬಲ್ಲನಾ? ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೆ ಕಾಣುತ್ತಾ, ಕೇಳುತ್ತಾ? ಕೆಟ್ಟರೆ ಎಷ್ಟು ಬೇಗ ರಿಪೇರಿ ಆಗುತ್ತೆ? ರಿಪೇರಿಗೆ ಅಂತಲೇ ಸಿಬ್ಬಂದಿಯ ಒಂದು ಜಾಲವನ್ನೇ ಕಟ್ಟಿದ್ದರು. "ಬಣ್ಣ ಎಷ್ಟು ಕೋಟಿ" ಅಂತ ಯಾರೂ ಕೇಳಲಿಲ್ಲ. ಬಣ್ಣವೇ ಇರಲಿಲ್ಲ ಬಿಡಿ.

1976ರ ಜುಲೈ 31ಕ್ಕೆ ಪ್ರಯೋಗ ಮುಗೀತು. ಉಪಗ್ರಹ ವಾಪಸ್ ಹೋಯ್ತು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲ್ಬರ್ಗಾಕ್ಕೆ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು. ಅಂದ್ರೆ ಟ್ರಾನ್ಸ್‌ಮಿಟರ್ ವಿಷಯದಲ್ಲೂ ಬೆಂಗಳೂರು ಎರಡನೆಯದೇ. ಉತ್ತರ ಕರ್ನಾಟಕ ಎಲ್ಲದರಲ್ಲೂ ಹಿಂದೆ ಅಂತ ನಮ್ಮ ಸ್ಟುಡಿಯೋಗಳಲ್ಲೇ ಕೂತು ಹೇಳ್ತೀವಲ್ಲ, ಇದೊಂದನ್ನ ನೆನಪಿಟ್ಟುಕೊಳ್ಳಿ.

ಆಮೇಲಿನ ಕಥೆ ನಿಮಗೂ ಗೊತ್ತು, ಬೇಗ ಹೇಳಿಬಿಡ್ತೀನಿ. 1982ರಲ್ಲಿ ಏಷ್ಯನ್ ಗೇಮ್ಸ್ ವರ್ಷ ಬಣ್ಣ ಬಂತು. 1984ರಲ್ಲಿ ದಿನಕ್ಕೊಂದು ಟ್ರಾನ್ಸ್‌ಮಿಟರ್ ಅನ್ನೋ ವೇಗದಲ್ಲಿ ದೂರದರ್ಶನ ಹರಡಿತು. 1987ರಲ್ಲಿ ರಾಮಾಯಣ ಶುರುವಾಯ್ತು, ಭಾನುವಾರ ಬೆಳಗ್ಗೆ ಬೀದಿ ಖಾಲಿ. ಡಯನೋರಾ, ಸಾಲಿಡೇರ್, ಇಸಿ, ಬಿಪಿಎಲ್, ಒನಿಡಾ, ವಿಡಿಯೋಕಾನ್. ಒನಿಡಾದ ಕೊಂಬಿನ ಭೂತ ನೆನಪಿದೆ ತಾನೆ? ಪಕ್ಕದ ಮನೆಯವನ ಹೊಟ್ಟೆಯುರಿಯೇ ಒಳ್ಳೆ ಟಿವಿಯ ಗುರುತು ಅಂತ ಹೇಳಿಕೊಟ್ಟದ್ದು ಆ ಜಾಹೀರಾತು. ಅಲ್ಲಿಂದ ಅಳತೆಗೋಲು ಬದಲಾಯ್ತು ಅಂತ ನನ್ನ ಅಭಿಪ್ರಾಯ. ಊರಿನ ಟಿವಿ ಮನೆಯ ಟಿವಿ ಆಯ್ತು. ಇಂಜಿನಿಯರ್ ಅಳೆಯೋದು ನಿಂತಿತು, ಜಾಹೀರಾತು ಅಳೆಯೋಕೆ ಶುರುಮಾಡಿತು.

ಆದರೂ ಆಗಿನ ಜನ ಮೋಸ ಹೋಗೋದು ಸ್ವಲ್ಪ ಕಷ್ಟ ಇತ್ತು. ಟಿವಿ ತಂದ ಮೇಲೆ ಅದರ ಪರೀಕ್ಷೆ ನಡೀತಿದ್ದದ್ದು ಮಾಳಿಗೆ ಮೇಲೆ. ಆಂಟೆನಾ ತಿರುಗಿಸೋನು ಮೇಲೆ, ಕೆಳಗೆ ಒಬ್ಬ. "ಬಂತೇನಲೇ?" "ಬಂತು, ಬಂತು… ಹೋತು! ಇನ್ನಾ ಜರಾ ತಿರುವು!" ಎಷ್ಟು ದೂರದ ಸ್ಟೇಷನ್ ಹಿಡೀತದೆ, ಮಳೆ ಬಂದಾಗ ಎಷ್ಟು ಚುಕ್ಕಿ ಕುಣೀತಾವೆ, ವೋಲ್ಟೇಜ್ ಬಿದ್ದಾಗ ಚಿತ್ರ ಎಷ್ಟು ಕುಗ್ಗುತ್ತೆ. ಇವೆಲ್ಲ ಕಣ್ಣಿಗೆ ಕಾಣೋ ದೋಷಗಳು. ಕೆಟ್ಟರೆ ಪೇಟೆಯಲ್ಲಿ ಒಬ್ಬ ರೇಡಿಯೋ-ಟಿವಿ ರಿಪೇರಿಯವನು ಇರ್ತಿದ್ದ. ಪಿಕ್ಚರ್ ಟ್ಯೂಬ್ ಹೋಗದಿದ್ದರೆ ಉಳಿದದ್ದೆಲ್ಲ ಅವನ ಬೆಸುಗೆ ಕಡ್ಡಿಗೆ ಬಗ್ಗುತ್ತಿತ್ತು.

ನಂತರ ಬಂತು ಫ್ಲ್ಯಾಟ್. ಈ ಪದಕ್ಕೇ ಒಂದು ಚರಿತ್ರೆ ಇದೆ. ಮೊದಲು ಫ್ಲ್ಯಾಟ್ ಅಂದ್ರೆ ಮುಂದಿನ ಗಾಜು ಮಾತ್ರ ಚಪ್ಪಟೆ, ಹಿಂದೆ ಅದೇ ಹೊಟ್ಟೆ, ಇಬ್ಬರು ಎತ್ತಬೇಕಾದ ತೂಕ. ಆಮೇಲೆ ಎಲ್‌ಸಿಡಿ ಬಂತು. 2007ರ ಕೊನೆಯ ಹೊತ್ತಿಗೆ ಜಗತ್ತಿನ ಮಾರುಕಟ್ಟೆಯಲ್ಲಿ ಎಲ್‌ಸಿಡಿ ಮಾರಾಟ ಪಿಕ್ಚರ್ ಟ್ಯೂಬನ್ನ ದಾಟಿತು. ನಮ್ಮ ಹಳ್ಳಿಗಳಿಗೆ ಬರೋಕೆ ಇನ್ನೂ ಕೆಲವು ವರ್ಷ ಹಿಡೀತು. ಆಮೇಲೆ ಎಲ್‌ಇಡಿ. ಇಲ್ಲೊಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಅಂತ ಕೊಡೋ ಸಣ್ಣ ಟಿವಿ ಕೂಡ ಎಲ್‌ಸಿಡಿಯೇ. ಪರದೆ ಅದೇ, ಹಿಂದಿನಿಂದ ಬೆಳಕು ಕೊಡೋಕೆ ಮುಂಚೆ ಸಣ್ಣ ಟ್ಯೂಬ್‌ಲೈಟ್ ಇತ್ತು, ಈಗ ಎಲ್‌ಇಡಿ ಪಟ್ಟಿ ಇದೆ. ಅಷ್ಟೇ ವ್ಯತ್ಯಾಸ.

ಮತ್ತೆ ಮೂವತ್ತೆರಡೇ ಇಂಚು ಯಾಕೆ? ರಾಮಥಾಳದ ಹಿರಿಯರೂ ಅದನ್ನೇ ಕೇಳಿದ್ದು. ಗೋಡೆಯ ಅಗಲ, ಜೇಬಿನ ಆಳ ಎರಡೂ ಕಾರಣ, ಸರಿ. ಆದರೆ ಸರ್ಕಾರದ ತೆರಿಗೆಯೂ ಕಾರಣ. 2018ರ ಜುಲೈನಲ್ಲಿ 27 ಇಂಚಿನವರೆಗಿನ ಟಿವಿಗೆ ಜಿಎಸ್‌ಟಿಯನ್ನ ಶೇ. 28ರಿಂದ 18ಕ್ಕೆ ಇಳಿಸಿದರು. 2019ರ ಜನವರಿ 1ರಿಂದ ಆ ಗೆರೆಯನ್ನ 32 ಇಂಚಿಗೆ ಸರಿಸಿದರು. ಅದಕ್ಕಿಂತ ಒಂದಿಂಚು ದೊಡ್ಡದಾದರೂ ಶೇ. 28. ಈ ಗೆರೆ ಅಳಿಸಿದ್ದು 2025ರ ಸೆಪ್ಟೆಂಬರ್ 22ಕ್ಕೆ. ಅಷ್ಟೂ ವರ್ಷ ಬಡವರ ಟಿವಿ, ಉಳ್ಳವರ ಟಿವಿ ಅನ್ನೋ ಗಡಿ ಕಾಗದದ ಮೇಲೇ ಇತ್ತು.

ಇದಕ್ಕಿಂತ ನನಗೆ ಸಿಟ್ಟು ತರಿಸೋ ಇನ್ನೊಂದು ಗೆರೆ ಇದೆ. ಎಲೆಕ್ಟ್ರಾನಿಕ್ ವಸ್ತುಗಳು ಸುರಕ್ಷತಾ ಪರೀಕ್ಷೆ ಪಾಸಾಗಿ ಭಾರತೀಯ ಮಾನಕ ಬ್ಯೂರೋದಲ್ಲಿ ಕಡ್ಡಾಯವಾಗಿ ನೋಂದಣಿ ಆಗಬೇಕು ಅಂತ 2012ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು. ಒಳ್ಳೆ ಕೆಲಸ. ಆದರೆ ಮೊದಲ ಪಟ್ಟಿಯಲ್ಲಿ ಇದ್ದದ್ದು 32 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿವಿಗಳು. ಅದಕ್ಕಿಂತ ಸಣ್ಣವು ಪಟ್ಟಿಗೆ ಸೇರಿದ್ದು 2017ರಲ್ಲಿ. ಅಂದ್ರೆ ಯಾರ ಮನೆಯಲ್ಲಿ ಕರೆಂಟು ಹೆಚ್ಚು ಹೆಚ್ಚು ಏರಿಳೀತದೋ, ಯಾರಿಗೆ ಎರಡನೇ ಸಲ ಕೊಳ್ಳೋ ಶಕ್ತಿ ಇಲ್ವೋ, ಅವರ ಟಿವಿಯನ್ನ ಪರೀಕ್ಷೆ ಮಾಡಿ ಅಂತ ಹೇಳೋಕೆ ಐದು ವರ್ಷ ತಡ. 1975ರಲ್ಲಿ ಹಳ್ಳಿಯ ಸೆಟ್ಟಿನ ಪರೀಕ್ಷೆ ಮೊದಲು. ಈ ಕಾಲದಲ್ಲಿ ಅದು ಕೊನೆಗೆ!

ಸರಿ, ಈಗ ಅಂಗಡಿಗೆ ಹೋಗೋಣ. ಅಂಗಡಿಯಲ್ಲಿ ಎಲ್ಲ ಟಿವಿಯೂ ಚಂದ ಕಾಣೋದು ಯಾಕೆ ಅಂದ್ರೆ, ಚಂದ ಕಾಣುವಂತೆಯೇ ಇಟ್ಟಿರ್ತಾರೆ. ಹೂವು, ಗಿಳಿ, ಹಣ್ಣಿನ ವಿಡಿಯೋ. ಬೆಳಕು, ಬಣ್ಣ ಎರಡನ್ನೂ ಮಿತಿಮೀರಿ ಏರಿಸಿರೋ ಮೋಡ್. ಮೊದಲು ಆ ಮೋಡನ್ನ ಬದಲಿಸಿ 'ಸ್ಟ್ಯಾಂಡರ್ಡ್'ಗೆ ತರೋಕೆ ಹೇಳಿ. ಆಮೇಲೆ ಗಿಳಿ ಬೇಡ, ನ್ಯೂಸ್ ಚಾನೆಲ್ ಹಾಕಿ ಅಂತ ಕೇಳಿ. ಜಾಹೀರಾತಿಗೆ ಹೇಳ್ತಿಲ್ಲ, ಯಾವ ಚಾನೆಲ್ ಆದರೂ ಸರಿ. ನಮ್ಮ ಪರದೆಯ ಕೆಳಗೆ ಅಕ್ಷರ ಓಡ್ತಾ ಇರ್ತವಲ್ಲ, ಅದಕ್ಕಿಂತ ಒಳ್ಳೆ ಪರೀಕ್ಷೆ ಇನ್ನೊಂದಿಲ್ಲ. ಓಡೋ ಸಾಲಿನಲ್ಲಿ "ಲಕ್ಷ್ಮೀ", "ರಾಷ್ಟ್ರೀಯ" ಅನ್ನುವಂಥ ಪದ ಬಂದಾಗ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತಾ, ಅಥವಾ ಬಾಲ ಎಳೆದುಕೊಂಡು ಕಲಸಿಹೋಗುತ್ತಾ ನೋಡಿ. ಕಲಸಿದರೆ ಆ ಪ್ಯಾನಲ್ ನಿಧಾನದ್ದು. ಅದರಲ್ಲಿ ಕ್ರಿಕೆಟ್ ಚೆಂಡೂ ಹಾಗೇ ಕಾಣೋದು.

ಧ್ವನಿಯನ್ನ ಹಾಡು ಹಾಕಿ ಪರೀಕ್ಷಿಸಬೇಡಿ. ಹಾಡಿನಲ್ಲಿ ಎಲ್ಲ ಸ್ಪೀಕರೂ ಜಾಣ. ಮಾತು ಕೇಳಿ. ಚಪ್ಪಟೆ ಟಿವಿಯಲ್ಲಿ ಸ್ಪೀಕರಿಗೆ ಜಾಗವೇ ಇರಲ್ಲ, ಬಹಳಷ್ಟರಲ್ಲಿ ಅದು ಕೆಳಮುಖವಾಗಿ ಇರುತ್ತೆ. ಓದುವವರ 'ಸ' ಮತ್ತು 'ಶ' ಬೇರೆಬೇರೆ ಕೇಳ್ತಾವಾ? ವಾಲ್ಯೂಮ್ ಮುಕ್ಕಾಲಿಗೆ ಏರಿಸಿದಾಗ ಪ್ಲಾಸ್ಟಿಕ್ ಗರಗರ ಅನ್ನುತ್ತಾ? ಮನೆಯ ಅಜ್ಜ-ಅಜ್ಜಿಗೆ ಬೇಕಾಗಿರೋದು ಇದು.

ಆಮೇಲೆ, ದಯವಿಟ್ಟು ನಾಚಿಕೆ ಬಿಟ್ಟು ಅಂಗಡಿಯ ನೆಲದ ಮೇಲೆ ಕೂತುಬಿಡಿ. ಯಾಕಂದ್ರೆ ಮನೆಯಲ್ಲಿ ನೀವು ಕೂರೋದು ಚಾಪೆ ಮೇಲೆ, ಟಿವಿ ಇರೋದು ಗೋಡೆ ಮೇಲೆ ಎತ್ತರದಲ್ಲಿ. ಮಗ್ಗುಲಿಂದ ನೋಡಿ, ಕೆಳಗಿಂದ ನೋಡಿ. ಐಪಿಎಸ್ ಅನ್ನೋ ಬಗೆಯ ಪ್ಯಾನಲ್ ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತೆ, ಆದರೆ ಅದರ ಕಪ್ಪು ಸ್ವಲ್ಪ ಬೂದಿಬಣ್ಣ. ವಿಎ ಅನ್ನೋದರಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿರುತ್ತೆ, ಮಗ್ಗುಲಿಗೆ ಹೋದರೆ ಬಣ್ಣ ಪೇಲವ. ಇನ್ನೂ ಸಣ್ಣ, ಅಗ್ಗದ ಪರದೆಗಳಲ್ಲಿ ಟಿಎನ್ ಅಂತ ಇದೆ. ಅದನ್ನ ಕೆಳಗಿಂದ ನೋಡಿದರೆ ಮುಖ ಫಿಲ್ಮಿನ ನೆಗೆಟಿವ್ ಥರ ಕಾಣುತ್ತೆ. ಸೈಟ್ ಕಾಲದ ಹಿಂದಿನ ಸಾಲಿನ ಅಜ್ಜಿಯ ಪ್ರಶ್ನೆಯೇ ಇದು. ನಿಮ್ಮ ಮನೆಯಲ್ಲಿ ಮೂಲೆಗೆ ಯಾರು ಕೂರ್ತಾರೋ ಅವರ ಕಣ್ಣಿಂದ ನೋಡಿ ಆಯ್ಕೆ ಮಾಡಿ.

ರೆಸಲ್ಯೂಷನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇದಕ್ಕೊಂದು ಲೆಕ್ಕ ಇದೆ, ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. 32 ಇಂಚಿನ ಪರದೆಯ ಅಗಲ ಸುಮಾರು 71 ಸೆಂಟಿಮೀಟರ್. ಎಚ್‌ಡಿ ರೆಡಿ ಅಂದ್ರೆ ಆ ಅಗಲದಲ್ಲಿ 1,366 ಚುಕ್ಕಿ. ಒಂದು ಚುಕ್ಕಿ ಸುಮಾರು ಅರ್ಧ ಮಿಲಿಮೀಟರ್. ಸಾಮಾನ್ಯ ಕಣ್ಣಿಗೆ ಅಷ್ಟು ಸಣ್ಣ ಚುಕ್ಕಿ ಬೇರೆಬೇರೆಯಾಗಿ ಕಾಣೋದು ಆರಡಿ ಒಳಗೆ ಮಾತ್ರ. ಎಂಟು ಹತ್ತು ಅಡಿ ದೂರ ಕೂರುವವರಿಗೆ ಫುಲ್ ಎಚ್‌ಡಿಗೆ ಕೊಟ್ಟ ಹೆಚ್ಚಿನ ದುಡ್ಡು ಕಾಣಿಸೋದೇ ಇಲ್ಲ. ಇನ್ನು ಕೆಲವರು "ಫುಲ್ ಎಚ್‌ಡಿ ಸಪೋರ್ಟ್" ಅಂತ ಬರೆದಿರ್ತಾರೆ. ಅದು ಬುದ್ಧಿವಂತಿಕೆಯ ಮಾತು. ಸಿಗ್ನಲ್ ತಗೊಳ್ಳುತ್ತೆ, ತೋರಿಸೋದು 768 ಸಾಲನ್ನೇ. ಹತ್ತು ಲಕ್ಷಕ್ಕೆ ಒಂದು ಅಂತ ಬರೆದಿರೋ ಡೈನಮಿಕ್ ಕಾಂಟ್ರಾಸ್ಟ್ ಕೂಡ ಅಂಥದ್ದೇ, ಓದಿ ಬಿಟ್ಟುಬಿಡಿ.

ನಿಜವಾಗಿ ಓದಬೇಕಾದದ್ದು ಬೇರೆ ಕಡೆ ಇದೆ. ಇಳಕಲ್ಲಿನಲ್ಲಿ ತಿಳಿದವರು ಸೀರೆ ಕೊಳ್ಳೋದನ್ನ ನೋಡಿದ್ದೀರಾ? ಮುಂಭಾಗ ಒಂದು ಸಲ ನೋಡ್ತಾರೆ, ತಕ್ಷಣ ತಿರುವಿ ಹಿಂಭಾಗ ನೋಡ್ತಾರೆ. ಸೆರಗಿನ ಎಳೆಯನ್ನ ಒಡಲಿನ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿರ್ತಾರಲ್ಲ, ಆ ಜೋಡಣೆ ಮೇಲೆ ಬೆರಳಾಡಿಸ್ತಾರೆ. ಸೀರೆಗೆ ಇಷ್ಟು ಮಾಡೋ ನಾವು ಟಿವಿಯನ್ನ ತಿರುಗಿಸಿ ನೋಡೋದೇ ಇಲ್ಲ. ತಿರುಗಿಸಿ. ಹಿಂದೆ ಒಂದು ಚೀಟಿ ಇರುತ್ತೆ. ಅದರಲ್ಲಿ ವೋಲ್ಟೇಜ್ 100ರಿಂದ 240 ಅಂತ ಇದೆಯಾ, ಅಥವಾ ಬರೀ 220-240 ಅಂತ ಇದೆಯಾ? ಸಂಜೆ ಪಂಪ್‌ಸೆಟ್‌ಗಳು ಶುರುವಾದಾಗ ಲೈನಿನ ಕೊನೆಯ ಮನೆಯಲ್ಲಿ ಬಲ್ಬ್ ಕೆಂಪಗಾಗೋ ಊರಿನವರಿಗೆ ಮೊದಲನೆಯದೇ ಬೇಕು. ಮಾನಕ ಬ್ಯೂರೋದ ಗುರುತು, ನೋಂದಣಿ ಸಂಖ್ಯೆ ಇದೆಯಾ ನೋಡಿ. ಕಡಿಮೆ ವೋಲ್ಟೇಜನ್ನ ಇವತ್ತಿನ ಟಿವಿಗಳು ಹಳೆಯವಕ್ಕಿಂತ ಚೆನ್ನಾಗಿ ತಡೀತವೆ, ಒಪ್ಪಿಕೊಳ್ಳಬೇಕು. ಅವನ್ನ ಕೊಲ್ಲೋದು ಸಿಡಿಲು, ಮತ್ತೆ ಕಂಬದಲ್ಲಿ ನ್ಯೂಟ್ರಲ್ ಕಡಿದಾಗ 230ರ ಜಾಗದಲ್ಲಿ 400ರ ಹತ್ತಿರ ನುಗ್ಗೋ ಕರೆಂಟು. ಗುಡುಗು ಶುರುವಾದರೆ ಪ್ಲಗ್ಗೂ ಕೀಳಿ, ಡಿಶ್ ಕೇಬಲ್ಲೂ ಕೀಳಿ. ಸ್ವಿಚ್ ಆಫ್ ಮಾಡಿದ್ದು ಸಾಲದು.

ಕೊನೆಗೆ ರಿಪೇರಿ. ಪ್ಯಾನಲ್ ಒಡೆದರೆ ಅಥವಾ ಗೆರೆ ಬಂದರೆ ಅದರ ಬೆಲೆ ಹೊಸ ಟಿವಿಯ ಹತ್ತಿರ ಹತ್ತಿರ, ಕಥೆ ಮುಗೀತು. ಹಿಂದಿನ ಎಲ್‌ಇಡಿ ಪಟ್ಟಿ ಹೋದರೆ ಬದಲಿಸಬಹುದು. ಅಗ್ಗದ ಟಿವಿಗಳಲ್ಲಿ ಅಂಗಡಿಯಲ್ಲಿ ಫಳಫಳ ಹೊಳೆಯಲಿ ಅಂತ ಆ ಪಟ್ಟಿಗೆ ಮಿತಿಮೀರಿ ಕರೆಂಟು ಕೊಟ್ಟಿರ್ತಾರೆ. ಹಾಗಾಗಿ ಎರಡು ಮೂರು ವರ್ಷಕ್ಕೇ ಪರದೆ ನೀಲಿಗಟ್ಟುತ್ತೆ, ಮಧ್ಯೆ ಕತ್ತಲ ಕಲೆ ಬೀಳುತ್ತೆ. ಮನೆಗೆ ತಂದ ದಿನವೇ ಬ್ಯಾಕ್‌ಲೈಟ್ ಅನ್ನೋ ಸೆಟ್ಟಿಂಗನ್ನ ನೂರರಿಂದ ಐವತ್ತು-ಅರವತ್ತಕ್ಕೆ ಇಳಿಸಿ, ಟಿವಿಯ ಆಯಸ್ಸೂ ಹೆಚ್ಚುತ್ತೆ, ಕಣ್ಣಿಗೂ ಹಿತ. ವಾರಂಟಿ ಕಾರ್ಡಿನಲ್ಲಿ ಪ್ಯಾನಲ್‌ಗೆ ಎಷ್ಟು ವರ್ಷ ಅಂತ ಬೇರೆಯಾಗಿ ಬರೆದಿದೆಯಾ ಕೇಳಿ. ರಿಪೇರಿಯವನು ಇಳಕಲ್ಲಿಗೆ, ಹುನಗುಂದಕ್ಕೆ ಬರ್ತಾನಾ, ಅಥವಾ ಟಿವಿಯನ್ನ ಹೊತ್ತು ನೀವೇ ಹುಬ್ಬಳ್ಳಿಗೆ ಹೋಗಬೇಕಾ ಅಂತಲೂ ಕೇಳಿ. ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಕಡಿಮೆ ಸಿಗುತ್ತೆ ಅನ್ನೋರು ಈ ಪ್ರಶ್ನೆಯನ್ನ ಎರಡು ಸಲ ಕೇಳಿಕೊಳ್ಳಬೇಕು.

ಬಣ್ಣದ ಪರೀಕ್ಷೆಗೂ ಇಳಕಲ್ ಸೀರೆಯೇ ಸಾಕು. ನಮ್ಮ ಸ್ಟುಡಿಯೋದಲ್ಲಿ ಸಣ್ಣ ಚೌಕಳಿಯ ಬಟ್ಟೆ ಹಾಕಬೇಡಿ ಅಂತಾರೆ, ಕ್ಯಾಮೆರಾದಲ್ಲಿ ಅದು ಅಲೆಯಲೆಯಾಗಿ ಕುಣಿಯುತ್ತೆ. ಗಾಢ ಕೆಂಪಿಗೂ ಹೆದರ್ತಾರೆ. ಪ್ರಸಾರದಲ್ಲಿ ಬೆಳಕಿನ ವಿವರ ಪೂರ್ತಿ ಕಳಿಸಿದರೆ ಬಣ್ಣದ ವಿವರ ಕಾಲು ಭಾಗ ಮಾತ್ರ ಕಳಿಸೋದು, ಹಾಗಾಗಿ ಕೆಂಪಿನ ಅಂಚು ಹರಡಿಕೊಳ್ಳುತ್ತೆ. ಅಂದ್ರೆ ಇಳಕಲ್ ಸೀರೆಯ ಕೆಂಪು ಸೆರಗು, ಬಿಳಿ ನೇಯ್ಗೆ, ಒಡಲಿನ ಚೌಕಳಿ, ಇವು ಮೂರೂ ಟಿವಿಗೆ ಕಷ್ಟದ ವಿಷಯಗಳೇ. ಮನೆಯಲ್ಲಿರೋ ಒಂದು ಸೀರೆಯ ಸೆರಗನ್ನ ಹಗಲು ಬೆಳಕಲ್ಲಿ ಫೋಟೋ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಜೊತೆಗೆ ಮನೆಯವರ ಮುಖದ ಒಂದು ಫೋಟೋ, ರಾತ್ರಿ ತೆಗೆದ ಒಂದು ಫೋಟೋ. ಸೀರೆಯನ್ನೂ ಚೀಲದಲ್ಲಿಟ್ಟುಕೊಂಡು ಹೋಗಿ. ಫೋನಿನ ಕ್ಯಾಮೆರಾವೂ ಬಣ್ಣವನ್ನ ಸ್ವಲ್ಪ ತಿರುಚುತ್ತೆ ನಿಜ, ಆದರೆ ಎಲ್ಲ ಟಿವಿಗೂ ಅದೇ ಫೋಟೋ ಹಾಕಿದಾಗ ಹೋಲಿಕೆ ನ್ಯಾಯವಾಗೇ ಇರುತ್ತೆ. ರಾತ್ರಿ ಫೋಟೋದಲ್ಲಿ ಕಪ್ಪು ಕಪ್ಪಾಗಿದೆಯಾ, ಮೂಲೆಗಳಲ್ಲಿ ಬೆಳಕು ಸೋರುತ್ತಾ ನೋಡಿ. ಮನೆಯವರ ಮುಖ ಮನೆಯವರದೇ ಬಣ್ಣದಲ್ಲಿ ಇದೆಯಾ, ಕುಂಕುಮ ಹಚ್ಚಿದ ಹಾಗೆ ಕೆಂಪಾಗಿದೆಯಾ ನೋಡಿ. ಅಂಗಡಿಯವರು ನಗಬಹುದು, ನಗಲಿ. ಎರಡು ಟಿವಿಗಳನ್ನ ಪಕ್ಕಪಕ್ಕ ಇಡಿಸಿ, ಎರಡರಲ್ಲೂ ಸೆರಗಿನ ಫೋಟೋ ಹಾಕಿಸಿ, ಸೀರೆಯನ್ನ ನಡುವೆ ಹಿಡಿದು ನಿಲ್ಲಿ.